ತವರಿನ ದಾರಿಯಲ್ಲೇ ಕುದಿಯುವ ಕಾರು

ನಮ್ಮ ಕಾರಿನ ರೇಡಿಯೇಟರಿಗೆ ದಾರಿಯ ಗುರುತಿತ್ತು. ನಾದಿನಿಯ ಮನೆಗೆ ಹೊರಟರೆ ತಣ್ಣಗೆ ಓಡುತ್ತಿತ್ತು. ನನ್ನ ತವರಿನ ಕಡೆ ತಿರುಗಿದರೆ ಅರ್ಧ ದಾರಿಯಲ್ಲೇ ಕುದಿದು ಬುಸ್ಸೆಂದು ಹಬೆ ಬಿಡುತ್ತಿತ್ತು. ಸೋರುವ ರೇಡಿಯೇಟರಿಗೆ ನೀರು ಹಾಕುವುದನ್ನು ನನ್ನ ಗಂಡ ಮರೆಯುತ್ತಿದ್ದದ್ದು ಆ ದಿನ ಮಾತ್ರ.

"ಇವತ್ತು ಆಗಲ್ಲ ಬಿಡು, ಮನೆಗೆ ಹೋಗೋಣ" ಎಂದು ನೀರು ತುಂಬಿಸಿ ತಿರುಗಿಸಿದರೆ, ಕಾರು ಕಮಕ್ ಕಿಮಕ್ ಎನ್ನದೆ ವಾಪಸು ಬರುತ್ತಿತ್ತು. ಬಸ್ಸಿನಲ್ಲಿ ಹೋಗುತ್ತೇನೆಂದರೆ ಕಾರಿರುವ ಅಳಿಯನ ಮಾನ ಹೋಗುತ್ತಿತ್ತು. ಅಮ್ಮನ ಮುಖ ನೋಡದೆ ಎರಡು ವರ್ಷವಾಗಿತ್ತು.

ಈ ಸಲ ನಾನು ಬಾಯಿ ಮಾಡಲಿಲ್ಲ. ಹೊಸ ರೇಡಿಯೇಟರ್ ತರಿಸಿ, ಮೆಕ್ಯಾನಿಕ್ಕನ್ನು ಬಾಗಿಲಿಗೇ ಕರೆಸಿದೆ. ಇವರು ಪಕ್ಕದಲ್ಲಿ ನಿಂತು ಕೊಕ್ಕೆ ಹಾಕತೊಡಗಿದರು.

"ಹೊಸದು ನಮ್ಮ ಗಾಡಿಗೆ ಒಗ್ಗಲ್ಲಪ್ಪ."

"ಸಾರ್, ನಾನು ಹಾಕ್ತಿರೋದು ರೇಡಿಯೇಟರ್ರು, ಕಿಡ್ನಿ ಅಲ್ಲ" ಎಂದ ಮೆಕ್ಯಾನಿಕ್.

ಅವನು ಉಳಿದ ನೀರನ್ನು ಬಕೆಟ್ಟಿಗೆ ಬಸಿದು, ಪೈಪು ಕಳಚಿ ಹಳೆಯದನ್ನು ಎತ್ತಿದ. ತಳ ಹೊಲಿಗೆ ಬಿಟ್ಟ ಚೀಲದಂತೆ ಸೀಳಿತ್ತು. ಹೊಸದನ್ನು ಕೂರಿಸಿ, ಬೋಲ್ಟು ಬಿಗಿದು, ಪೈಪುಗಳಿಗೆ ಕ್ಲಿಪ್ಪು ಹಾಕಿ, ಕೂಲೆಂಟ್ ತುಂಬಿದ. ಮುಚ್ಚಳ ತೆಗೆದಿಟ್ಟೇ ಎಂಜಿನ್ ಓಡಿಸಿದಾಗ ಒಳಗಿನ ಗಾಳಿ ಗುಳುಗುಳು ಹೊರಬಂತು. ಶಾಖದ ಮುಳ್ಳು ಅರ್ಧಕ್ಕೆ ಬಂದು ನಿಂತದ್ದು ಅಲ್ಲಾಡಲಿಲ್ಲ. ಇವರು ಇಂಗು ತಿಂದ ಮಂಗನಂತೆ ನಿಂತಿದ್ದರು.

ಹಳೆಯದನ್ನು ಗುಜರಿಗೆ ಹಾಕಿ ಎಂದರೆ ಕೇಳಲಿಲ್ಲ. "ಇರ್ಲಿ ಬಿಡೇ, ಯಾವತ್ತಾದ್ರೂ ಬೇಕಾಗುತ್ತೆ" ಎಂದು ಗೋಣಿಚೀಲದಲ್ಲಿ ಸುತ್ತಿ ಡಿಕ್ಕಿಯಲ್ಲಿಟ್ಟರು.

ಮರುದಿನ ಕಾರು ಎಲ್ಲೂ ನಿಲ್ಲಲಿಲ್ಲ. ಖುಷಿಗೆ ದಾರಿಯುದ್ದಕ್ಕೂ ನಾನೇ ಮಾತಾಡಿದೆ. ಅಮ್ಮ ಗೇಟಿನಲ್ಲೇ ಇದ್ದಳು. ಹೊಸ ಸೀರೆ, ಕೈಯಲ್ಲಿ ಸೂಟ್‌ಕೇಸು, ಬಾಗಿಲಿಗೆ ಬೀಗ. ಗೆಳತಿಯರ ಜೊತೆ ಪ್ರವಾಸಕ್ಕೆ ಹೊರಟಿದ್ದಳು.

"ಅಯ್ಯೋ, ಬಂದೇ ಬಿಟ್ರಾ!"

"ಹೋದ ವಾರನೇ ಹೇಳಿದ್ನಲ್ಲಮ್ಮ, ಬರ್ತೀವಿ ಅಂತ!"

"ಪ್ರತಿ ಸಲಾನೂ ಹೇಳ್ತೀಯಲ್ಲೇ. ಗಾಡಿ ಕುದಿಯುತ್ತೆ ಅಂತ ನಂಬ್ಕೊಂಡೇ ನಾನು ಟಿಕೆಟ್ ಮಾಡಿಸಿದ್ದು."

"ಹೊಸ ರೇಡಿಯೇಟರ್ ಹಾಕಿಸ್ದೆ" ಎಂದೆ. ಎರಡು ವರ್ಷದಿಂದ ಹಂಬಲಿಸಿದ್ದು ನಾನೊಬ್ಬಳೇ ಎಂದು ಆಗ ತಿಳಿಯಿತು.

ಅಮ್ಮ ಮುಖ ಸಪ್ಪಗೆ ಮಾಡಿಕೊಂಡು ಬೀಗ ತೆಗೆದಳು. ಮದುವೆಯಾದಂದಿನಿಂದ ಅಳಿಯನಿಗೂ ಅವಳಿಗೂ ಎಣ್ಣೆ ಸೀಗೆಕಾಯಿ. ಆದರೂ ಇವರತ್ತ ಬಾಗಿ ಮೆಲ್ಲಗೆ ಕೇಳಿದಳು:

"ಅಳಿಯಂದಿರೇ, ಹಳೇದನ್ನ ಎಸೆದಿಲ್ಲ ತಾನೇ?"

"ಇಲ್ಲ ಅತ್ತೆ, ಡಿಕ್ಕಿಲೇ ಇದೆ."

ಅಮ್ಮ ಮೊದಲ ಸಲ ಅಳಿಯನ ಬೆನ್ನು ತಟ್ಟಿದಳು.