ಮರಿಗಳಿಗಾಗಿ ಒಂದು ಓಮ್ನಿ

ಮಾಳೇಶನ ಮನೆಯವರು ಕುರಿ ಕಾಯುವವರು. ದೀಪಾವಳಿ ಮುಗಿದ ಮೇಲೆ ಇನ್ನೂರು ಕುರಿಗಳ ಹಿಂಡನ್ನು ಹೊಡೆದುಕೊಂಡು ನಿಪ್ಪಾಣಿ ಕಡೆಯಿಂದ ಹೊರಡುವುದು, ಕಬ್ಬು ಕಡಿದ ಹೊಲಗಳಲ್ಲಿ ತಂಗುತ್ತ ತಂಗುತ್ತ ಕೃಷ್ಣಾ ನದಿ ದಾಟಿ ಕಾಗವಾಡದ ತನಕ ಹೋಗುವುದು ಅವರ ರೂಢಿ. ಹೊಲಕ್ಕೆ ಗೊಬ್ಬರ ಆಗುತ್ತದೆಂದು ರೈತರೇ ಕರೆದು ನಿಲ್ಲಿಸಿಕೊಳ್ಳುತ್ತಾರೆ. ದಾರಿಯಲ್ಲೇ ಕುರಿಗಳು ಈಯುತ್ತವೆ. ಎರಡು ಮೂರು ದಿನದ ಮರಿಗೆ ಹಿಂಡಿನ ಜೊತೆ ಹತ್ತು ಹದಿನೈದು ಕಿಲೋಮೀಟರು ನಡೆಯಲು ಆಗುವುದಿಲ್ಲ. ಇಷ್ಟು ವರ್ಷ ಅಂಥ ಮರಿಗಳು ಕುದುರೆಯ ಬೆನ್ನ ಮೇಲಿನ ಚೀಲಗಳಲ್ಲಿ ಕೂತು, ತಲೆ ಹೊರಗೆ ಹಾಕಿಕೊಂಡು ಬರುತ್ತಿದ್ದವು. ಕುದುರೆಯ ಹಗ್ಗ ಹಿಡಿದು ಪಕ್ಕದಲ್ಲಿ ನಡೆಯುತ್ತಿದ್ದವಳು ಮಾಳೇಶನ ತಾಯಿ ತಾರವ್ವ.

ಈ ಸಲ ಕುದುರೆಗೆ ವಯಸ್ಸಾಗಿತ್ತು. ತಾರವ್ವನ ಎಡ ಮೊಣಕಾಲೂ ಸಂಜೆಯಾದರೆ ಊದುತ್ತಿತ್ತು. ಕುದುರೆಯನ್ನು ರಾಯಬಾಗದ ಹತ್ತಿರ ಅವಳ ತವರಿನಲ್ಲಿ ಬಿಟ್ಟು ಬಂದರು. ಇನ್ನೊಂದು ಕುದುರೆ ತರೋಣವೋ ಬೇಡವೋ ಎಂಬ ಮಾತು ನಡೆಯುತ್ತಿರುವಾಗಲೇ ಮಾಳೇಶ ಭೋಜ ಊರಿನ ರೈತ ಭಾವುಸಾಹೇಬರ ಹಳೆಯ ಓಮ್ನಿ ವ್ಯಾನನ್ನು ಕೊಳ್ಳುವುದೆಂದು ಮಾತಾಡಿ ಬಂದುಬಿಟ್ಟ. ಪ್ರತಿ ವರ್ಷ ಅವರ ಹೊಲದಲ್ಲೇ ಹಿಂಡು ಮೊದಲು ತಂಗುತ್ತಿದ್ದುದು.

"ಇಪ್ಪತ್ತು ವರ್ಷ ನಮ್ಮ ಕಾಯಿಪಲ್ಲೆ ಹೊತ್ತೈತಿ," ಎಂದರು ಭಾವುಸಾಹೇಬರು ವ್ಯಾನಿನ ಬಾಗಿಲು ತಟ್ಟುತ್ತ. "ಇಂಜಿನ್ ಗಟ್ಟಿ ಐತಿ ಮಾಳೇಶಾ. ಹಿಂದ ಮಾತ್ರ ಕುಂತೈತಿ. ಜ್ಯಾಕು ಪಾನಾ ಎಲ್ಲಾ ಒಳಗ ಅದಾವ, ಅವ್ನೂ ಒಯ್ಯಿ."

ನಿಜಕ್ಕೂ ವ್ಯಾನಿನ ಮೂತಿ ಮೇಲಕ್ಕೂ ಹಿಂಭಾಗ ಕೆಳಕ್ಕೂ ಇತ್ತು. ತಾರವ್ವ ಅದರ ಸುತ್ತ ಒಂದು ಸುತ್ತು ಬಂದಳು.

"ಉಚ್ಚಿ ಹೊಯ್ಯಾಕ ಕುಂತ ಕುರಿ ಹಂಗ ಐತಿ," ಎಂದಳು.

ಭಾವುಸಾಹೇಬರು ನಕ್ಕು ನಕ್ಕು ಕೆಮ್ಮಿದರು. ಮಾಳೇಶ ನಗಲಿಲ್ಲ. "ನಾಲ್ಕು ದಿನ ಕೊಡು ಯವ್ವಾ. ಎಬ್ಬಿಸಿ ನಿಲ್ಲಸ್ತೀನಿ."

ಅವನು ಯಾವ ಗ್ಯಾರೇಜಿನಲ್ಲೂ ಕೆಲಸ ಮಾಡಿದವನಲ್ಲ. ಫೋನಿನಲ್ಲಿ ಮರಾಠಿ ವಿಡಿಯೋಗಳನ್ನು ನೋಡಿದ್ದ, ಒಂದನ್ನಂತೂ ಹನ್ನೊಂದು ಸಲ. ನಿಪ್ಪಾಣಿಯ ಗುಜರಿ ಅಂಗಡಿಗೆ ಹೋಗಿ ಒಂದು ಹಳೆಯ ಜೀಪಿನ ಸ್ಪ್ರಿಂಗ್ ಪಾಟಾ, ಗಾಲಿಯ ಮೇಲೆ ಭಾರ ಹೊರುವ ಉಕ್ಕಿನ ಬಾಗು ಪಟ್ಟಿ, ಎರಡು ಆರಿಸಿ ತಂದ. ಭಾವುಸಾಹೇಬರ ಕಣದಲ್ಲಿ ವ್ಯಾನಿಗೆ ಜ್ಯಾಕು ಕೊಟ್ಟು, ಅಡಿಯಲ್ಲಿ ದಪ್ಪ ಕಟ್ಟಿಗೆಯ ತುಂಡುಗಳನ್ನು ಜೋಡಿಸಿ, ಹಿಂದಿನ ಎರಡೂ ಗಾಲಿ ಬಿಚ್ಚಿದ. ತುಕ್ಕು ಹಿಡಿದ ಬೋಲ್ಟುಗಳಿಗೆ ಡೀಸೆಲ್ ಸುರಿದು ಒಂದು ಇಡೀ ಮಧ್ಯಾಹ್ನ ಕಾದ. ಕಡೆಗೆ ಇದ್ದ ಪಾಟಾಗಳ ಕೆಳಗೆ ಜೀಪಿನ ಪಾಟಾ ಒಂದೊಂದು ಸೇರಿಸಿ ಬಿಗಿದ. ವ್ಯಾನು ಇಳಿಸಿದಾಗ ಹಿಂಭಾಗ ಐದು ಬೆರಳು ಎತ್ತರಕ್ಕೆ ನಿಂತಿತ್ತು.

ಒಳಗಿನ ಕೆಲಸ ಅವನ ಹೆಂಡತಿ ಸೋನಾಲಿಯದು. ಕೊಕಟನೂರಿನವಳು. ಅವಳ ಅಪ್ಪ ಟೆಂಪೋ ಓಡಿಸುತ್ತಿದ್ದ. ಹಿಂದಿನ ಸೀಟುಗಳನ್ನು ಕಿತ್ತು ಹಾಕಿ, ನೆಲಕ್ಕೆ ದಪ್ಪ ಫೋಮು ಹಾಸಿ, ಅದರ ಮೇಲೆ ಕೆಂಪು ರೆಕ್ಸಿನ್ನು ಗಮ್ಮಿನಿಂದ ಅಂಟಿಸಿದಳು. ಬದಿಗಳಿಗೂ ರೆಕ್ಸಿನ್ನಿನ ದಿಂಬು ಹೊಲಿದು ಕಟ್ಟಿದಳು. ಮರಿಗಳ ತಲೆ ತಗಡಿಗೆ ತಾಗಬಾರದು ಎಂಬುದು ಅವಳ ಲೆಕ್ಕ. ಮುಗಿದ ಮೇಲೆ ಗಂಡ ಹೆಂಡತಿ ಇಬ್ಬರೂ ಹಿಂದಿನ ಬಾಗಿಲು ಎತ್ತಿ ನಿಂತು ಬಹಳ ಹೊತ್ತು ನೋಡಿದರು. ಮದುವೆ ಮಂಟಪದ ಕುರ್ಚಿಯ ಹಾಗೆ ಕಾಣುತ್ತಿತ್ತು.

ಮೊದಲ ದಿನ ಏಳು ಮರಿಗಳನ್ನು ಒಳಗೆ ಬಿಟ್ಟರು. ಮಾಳೇಶನ ಅಪ್ಪ ಮಲಕಾರಿ, ತಾರವ್ವ ಮತ್ತು ನಾಯಿ ಹಿಂಡಿನ ಜೊತೆ ಬೆಳಗ್ಗೆಯೇ ನಡೆದು ಹೋಗಿದ್ದರು. ಮಾಳೇಶ ಸ್ಟೇರಿಂಗ್ ಹಿಡಿದ, ಸೋನಾಲಿ ಹಿಂದೆ ಮರಿಗಳ ನಡುವೆ ಕೂತಳು. ಡಾಂಬರು ಇರುವ ತನಕ ಚೆನ್ನಾಗಿತ್ತು. ಹೊಲದ ದಾರಿಗೆ ಇಳಿದ ಕೂಡಲೆ ಮರಿಗಳು ಗಾಳಿಯಲ್ಲಿದ್ದವು. ಪ್ರತಿ ಗುಂಡಿಗೂ ಏಳೂ ಮರಿ ಒಟ್ಟಿಗೆ ಹಾರಿ, ನುಣ್ಣನೆಯ ರೆಕ್ಸಿನ್ನಿನ ಮೇಲೆ ಬಿದ್ದು, ಜಾರಿ, ಒಂದೇ ಮೂಲೆಯಲ್ಲಿ ರಾಶಿಯಾದವು. ಸೋನಾಲಿಯ ತಲೆ ಎರಡು ಸಲ ಚಾವಣಿಗೆ ಬಡಿಯಿತು.

"ಸಾವಕಾಶ ಹೊಡೀರಿ," ಎಂದು ಕೂಗಿದಳು.

"ಸಾವಕಾಶನ ಹೊಂಟೀನಲ್ಲ. ಇಲ್ಲಿ ಏನೂ ಗೊತ್ತಾಗವಲ್ದು," ಎಂದ ಮಾಳೇಶ ಮುಂದಿನಿಂದ.

ತಂಗುವ ಹೊಲ ಮುಟ್ಟುವಷ್ಟರಲ್ಲಿ ಮೂರು ಮರಿ ಕುಡಿದ ಹಾಲನ್ನೆಲ್ಲ ಕಕ್ಕಿದ್ದವು. ಅದಕ್ಕಿಂತ ಕೆಟ್ಟದ್ದು ಸಂಜೆಗೆ ಆಯಿತು. ಹಿಂಡು ಬಂದು ತಾಯಿ ಕುರಿಗಳು ಕೆಚ್ಚಲು ತುಂಬಿಕೊಂಡು ಓಡಿ ಬಂದವು, ಮರಿಗಳ ಬಾಲದ ಬುಡಕ್ಕೆ ಮೂಗು ಹಚ್ಚಿದವು, ಮೂಸಿದವು, ಹಿಂದೆ ಸರಿದವು. ಮರಿಗಳ ಮೈಗೆಲ್ಲ ಗಮ್ಮು ಮತ್ತು ಹೊಸ ರೆಕ್ಸಿನ್ನಿನ ವಾಸನೆ. ತಾಯಿಗೆ ತನ್ನ ಮರಿ ಯಾವುದೆಂದೇ ತಿಳಿಯಲಿಲ್ಲ. ಒಂದು ಕುರಿಯಂತೂ ತನ್ನದೇ ಮರಿಯನ್ನು ಗುದ್ದಿ ಬೀಳಿಸಿತು.

ತಾರವ್ವ ಬೈಯಲಿಲ್ಲ. ಊದಿದ ಮೊಣಕಾಲು ಚಾಚಿ ಕೂತು, ಒಂದೊಂದೇ ಕುರಿಯನ್ನು ಎಳೆದು ಹಿಡಿದು, ಅದರದೇ ಹಾಲು ಹಿಂಡಿ ಅದರ ಮರಿಯ ಬೆನ್ನಿಗೆ, ಬಾಲಕ್ಕೆ ಸವರಿ, ಬಾಯಿಗೆ ಮೊಲೆ ಕೊಟ್ಟಳು. ಏಳೂ ಮರಿ ಕುಡಿಯುವ ತನಕ ಎದ್ದೇಳಲಿಲ್ಲ. ಎದ್ದ ಮೇಲೆ ಇಷ್ಟೇ ಅಂದಳು: "ನಾಳಿಂದ ನಾ ಬುಟ್ಟ್ಯಾಗ ಹೊತ್ಕೊಂಡು ಬರ್ತೀನಿ."

"ಆ ಮೊಣಕಾಲ ತಗೊಂಡಾ ಯವ್ವಾ?"

"ಮೊಣಕಾಲ ನಂದು. ಮರಿನೂ ನಮ್ವು."

ಮಾಳೇಶ ಊಟ ಬಿಟ್ಟು ವ್ಯಾನಿನ ಪಕ್ಕ ಕೂತ. ಸೋನಾಲಿ ಬಂದು ಪಕ್ಕದಲ್ಲಿ ಕೂತಳು. ಅವಳಿಗೂ ನಾಚಿಕೆಯಾಗಿತ್ತು. ರೆಕ್ಸಿನ್ನು ಅವಳದೇ ಕೈಕೆಲಸ.

"ಕೀಲಿ ಕೊಡ್ರಿ," ಎಂದಳು.

"ಯಾಕ?"

"ನೀವು ಹಿಂದ ಹತ್ರಿ. ಮರಿ ಹಂಗ ಮಲಕೋರಿ. ನಾ ಹೊಡೀತೀನಿ."

ಅವಳ ಹತ್ತಿರ ಲೈಸೆನ್ಸ್ ಇತ್ತು. ಮದುವೆಯಾದ ಮೂರು ವರ್ಷದಲ್ಲಿ ಓಡಿಸಲು ವಾಹನ ಇರಲಿಲ್ಲ ಅಷ್ಟೆ. ಮಾಳೇಶ ಹಿಂದೆ ಹತ್ತಿ ಕೆಂಪು ರೆಕ್ಸಿನ್ನಿನ ಮೇಲೆ ಅಂಗಾತ ಮಲಗಿದ. ಇನ್ನೂ ಬೆಳಕಿತ್ತು. ಸೋನಾಲಿ ಅದೇ ಹೊಲದ ದಾರಿಯಲ್ಲಿ, ಅವನು ಬಂದಿದ್ದ ವೇಗದಲ್ಲೇ ಅರ್ಧ ಕಿಲೋಮೀಟರು ಹೋಗಿ ತಿರುಗಿಸಿಕೊಂಡು ಬಂದಳು. ಇಳಿದು ಹಿಂದಿನ ಬಾಗಿಲು ಎತ್ತಿದಾಗ ಮಾಳೇಶ ಮೂಲೆಯಲ್ಲಿ ಮಡಚಿಕೊಂಡು, ಒಂದು ಕೈಯಲ್ಲಿ ಮೊಣಕೈ ಹಿಡಿದು ಬಿದ್ದಿದ್ದ.

"ಹೆಂಗೈತ್ರಿ?"

"ಪಾಟಾ ಬಿಚ್ಚತೀನಿ," ಎಂದ ಮಾಳೇಶ.

ಹಿಂಡು ಮುಂದೆ ಕರೋಶಿಯ ಹೊಲಗಳಲ್ಲಿ ಹದಿನೈದು ದಿನ ನಿಲ್ಲುವುದಿತ್ತು. ಅಲ್ಲಿಯ ತನಕದ ಎರಡು ದಿನ ತಾರವ್ವ ಹೇಳಿದಂತೆಯೇ ಮಾಡಿದಳು. ಬುಟ್ಟಿ ಅವಳ ತಲೆಯ ಮೇಲೆ ಸ್ವಲ್ಪ ಹೊತ್ತು, ಮಾಳೇಶನ ತಲೆಯ ಮೇಲೆ ಬಹಳ ಹೊತ್ತು. ಖಾಲಿ ವ್ಯಾನನ್ನು ಸೋನಾಲಿ ಓಡಿಸಿಕೊಂಡು ಬಂದಳು. ಕರೋಶಿ ಮುಟ್ಟಿದ ಮರುದಿನವೇ ಮಾಳೇಶ ಚಿಕ್ಕೋಡಿಗೆ ಹೋಗಿ, ಲಾರಿಗಳ ಪಾಟಾ ಕೆಲಸ ಮಾಡುವ ದುಂಡೇಶನ ಎದುರು ನಿಂತ. ದುಂಡೇಶ ಮುದುಕ. ಎದೆಯ ಮೇಲೆಲ್ಲ ಕಿಡಿ ಸಿಡಿದ ಕಲೆಗಳು. ಕಥೆ ಪೂರ್ತಿ ಕೇಳಿ, ಸುತ್ತಿಗೆ ಕೆಳಗಿಟ್ಟ.

"ಏಳು ಮರಿ ಕೂಡಿ ಎಷ್ಟ ತೂಕಪ್ಪಾ?"

"ಇಪ್ಪತ್ತು ಕಿಲೋ ಆದೀತ್ರಿ ಕಾಕಾ."

"ಇಪ್ಪತ್ತು ಕಿಲೋಕ್ಕ ಜೀಪಿನ ಪಾಟಾ ಹಾಕೀಯಲ್ಲೋ. ಅದು ಬಾಗಬೇಕಂದ್ರ ಮ್ಯಾಲ ನಾಲ್ಕು ಕ್ವಿಂಟಲ್ ಬೇಕು. ಬಾಗಲಿಲ್ಲಂದ್ರ ಏನ ಮಾಡ್ತೈತಿ? ಒದೀತೈತಿ. ನಿನಗ ಬೇಕಾದ್ದು ಎತ್ತರ ಅಲ್ಲ, ಮೆತ್ತಗಿರೂದು."

"ಗಾಡಿ ಕುಂತಿತ್ರಿ ಅದಕ್ಕ…"

"ಕುಂತದ್ದು ಪಾಟಾದ ಕಮಾನು ಚಪ್ಪಟಿ ಆಗಿ. ಇದ್ದ ಪಾಟಾನ ಬಡದು ಮತ್ತ ಕಮಾನು ಏರಸಬೇಕು. ಬೆಂಕ್ಯಾಗ ಕಾಸಬ್ಯಾಡ, ಅದರ ಜೀವ ಹೋಗ್ತೈತಿ. ತಣ್ಣಗಿದ್ದಾಗನ ಬಡಿ. ನಡುವ ಗ್ರೀಸ್ ಹಚ್ಚು. ಕುಲುಕು ತಡಿಯೂ ಶಾಕಪ್ಪು, ಬುಶ್ಶು ಹೊಸಾವು ಹಾಕು."

"ನೀವ ಮಾಡಿಕೊಡ್ರಿ ಕಾಕಾ."

"ನನ್ನ ಮುಂದ ಎಂಟು ಲಾರಿ ನಿಂತಾವ," ಎಂದ ದುಂಡೇಶ. "ಸುತ್ತಿಗಿ ಐತಿ, ಅಡಿಗಲ್ಲು ಐತಿ. ನೀನ ಬಡಿ. ತಪ್ಪಿದ್ರ ಹೇಳ್ತೀನಿ."

ಮಾಳೇಶ ವ್ಯಾನಿನಿಂದ ಪಾಟಾಗಳನ್ನು ಬಿಚ್ಚಿ ತಂದು ಎರಡು ದಿನ ಬಡಿದ. ಒಂದೊಂದು ಬೆರಳಿನ ಅಂತರಕ್ಕೆ ಒಂದೊಂದು ಏಟು, ಎಲ್ಲ ಏಟೂ ಒಂದೇ ತೂಕದ್ದಿರಬೇಕು. ಮೊದಲನೆಯ ಪಾಟಾ ಬಾಳೆಹಣ್ಣಿನ ಹಾಗೆ ಒಂದೇ ಕಡೆ ಬಾಗಿತು. ದುಂಡೇಶ ಅದನ್ನು ಎತ್ತಿ ನೋಡಿ, ತಿರುವಿ ಅಡಿಗಲ್ಲಿನ ಮೇಲಿಟ್ಟ. ಮಾಳೇಶ ಅದನ್ನು ಚಪ್ಪಟೆ ಮಾಡಿ ಮತ್ತೆ ಮೊದಲಿನಿಂದ ಬಡಿದ. ಎರಡನೆಯ ದಿನದ ಸಂಜೆಗೆ ಎಡಬಲದ ಪಾಟಾಗಳನ್ನು ಜೋಡಿಸಿ ಹಿಡಿದರೆ ನಡುವೆ ಕೂದಲು ತೂರುವಷ್ಟೇ ಸಂದಿ. ದುಂಡೇಶ ಚಹಾ ತರಿಸಿದ.

ಇತ್ತ ಕರೋಶಿಯಲ್ಲಿ ಸೋನಾಲಿ ರೆಕ್ಸಿನ್ನು ಫೋಮು ಎಲ್ಲವನ್ನೂ ಕಿತ್ತು ಹಾಕಿದ್ದಳು. ಗಮ್ಮಿನ ಕಲೆಗಳನ್ನು ಬೂದಿ ಹಾಕಿ ತಿಕ್ಕಿ, ಬಾಗಿಲು ತೆರೆದಿಟ್ಟು ವ್ಯಾನನ್ನು ನಾಲ್ಕು ದಿನ ಬಿಸಿಲಿಗೆ ಒಣಗಿಸಿದಳು. ಆಮೇಲೆ ಅತ್ತೆಯ ಹತ್ತಿರ ಹೋಗಿ ಕೂತಳು.

"ಅತ್ತಿ, ಕುದರಿ ಚೀಲದಾಗ ಏನ ಹಾಸತಿದ್ರಿ?"

ತಾರವ್ವ ಸೊಸೆಯ ಕಡೆ ತಿರುಗಿ ಕೂತಳು. ಇಷ್ಟು ದಿನದಲ್ಲಿ ಅವಳನ್ನು ಯಾರೂ ಏನೂ ಕೇಳಿರಲಿಲ್ಲ.

"ಹಾಸೂದಲ್ಲ ಮುಖ್ಯ," ಎಂದಳು. "ಒಂದರ ಉಚ್ಚಿ ಇನ್ನೊಂದಕ್ಕ ಹತ್ತಬಾರದು. ವಾಸ್ನಿ ಕೂಡಿದ್ರ ತಾಯಿಗೆ ಗೊತ್ತಾಗೂದಿಲ್ಲ. ಎರಡೆರಡು ಮರಿಗಿ ಒಂದು ಖಣ, ಗೂಡಿನಂಗ, ಮಾಡು. ಕೆಳಗ ಸಂದಿ ಇರ್ಲಿ, ಉಚ್ಚಿ ಇಳೀಲಿ. ಮ್ಯಾಲ ಕಬ್ಬಿನ ಒಣಗರಿ ರವದಿ ಹಾಕು, ದಿನಾ ಬದಲಿ ಮಾಡು. ಮತ್ತ ಗಾಜು ತಗಿ, ಗಾಳಿ ಆಡ್ಲಿ."

"ನೀವ ಬಂದು ತೋರಸ್ರಿ."

ತಾರವ್ವ ಎದ್ದಳು. ಮೂರು ದಿನ ಅತ್ತೆ ಸೊಸೆ ವ್ಯಾನಿನ ಒಳಗೇ ಇದ್ದರು. ಜಾಲಿ ಕಟ್ಟಿಗೆಯ ಪಟ್ಟಿಗಳನ್ನು ಬೆರಳು ಸಂದಿ ಬಿಟ್ಟು ಜೋಡಿಸಿ ಹೊಸ ನೆಲ ಮಾಡಿದರು. ಅದರ ಕೆಳಗೆ ಹಿಂದಿನಿಂದ ಎಳೆದು ತೆಗೆಯುವ ಹಾಗೆ ತಗಡಿನ ತಟ್ಟೆ. ರಾತ್ರಿ ಕುರಿಗಳನ್ನು ಕೂಡಿಹಾಕುವ ಬಲೆಯ ತುಂಡುಗಳಿಂದ ಐದು ಖಣ. ಪಕ್ಕದ ಗಾಜುಗಳ ಜಾಗದಲ್ಲಿ ತಂತಿಯ ಜಾಳಿಗೆ. ಮುಂದಿನ ಸೀಟಿನ ಬೆನ್ನಿಗೆ ಒಂದಿಷ್ಟು ಜಾಗ ಉಳಿಯಿತು. ಅಲ್ಲಿ ಸೋನಾಲಿ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಹಾಸಿದಳು.

"ಅದು ಯಾರಿಗಿ?" ಎಂದಳು ತಾರವ್ವ.

"ಯಾರರ ಹಿಂದ ಇರಬೇಕಲ್ರಿ."

"ನಾ ಹತ್ತಾಕಿ ಅಲ್ಲ," ಎಂದಳು ತಾರವ್ವ.

ಮಾಳೇಶ ಪಾಟಾ, ಬುಶ್ಶು, ಹೊಸ ಶಾಕಪ್ಪುಗಳನ್ನು ಹಾಕಿದ. ವ್ಯಾನು ಈಗ ನೆಟ್ಟಗೆ ನಿಂತಿತು. ಹಿಂಭಾಗ ಒತ್ತಿ ಬಿಟ್ಟರೆ ಒಂದು ಸಲ ಮೇಲೆ ಬಂದು ಸುಮ್ಮನಾಗುತ್ತಿತ್ತು. ಸೋನಾಲಿ ಹೇಳುವ ಮೊದಲೇ ಮಾಳೇಶ ತಾನೇ ಹಿಂದೆ ಹತ್ತಿ ಕಂಬಳಿಯ ಮೇಲೆ ಮಲಗಿದ, ಸೋನಾಲಿ ಕರೋಶಿಯ ಹೊಲದ ದಾರಿಗಳನ್ನೆಲ್ಲ ತಿರುಗಿಸಿ ಬಂದಳು. ಈ ಸಲ ಬಾಗಿಲು ತೆಗೆದಾಗ ಅವನು ತಲೆಯ ಕೆಳಗೆ ಕೈ ಇಟ್ಟುಕೊಂಡು ಬೀಡಿ ಎಲ್ಲಿ ಎಂದು ಕೇಳಿದ.

ಕಾಗವಾಡದ ಕಡೆ ಹೊರಡುವ ಹೊತ್ತಿಗೆ ಹತ್ತು ಮರಿಗಳಾಗಿದ್ದವು. ಮೊದಲ ಎರಡು ದಿನ ಸೋನಾಲಿಯೇ ಹಿಂದೆ ಕೂತಳು. ಸಂಜೆ ತಾಯಿ ಕುರಿಗಳು ಬಂದು ಮೂಸಿದವು, ಒಂದೂ ತಪ್ಪದೆ ತಮ್ಮ ತಮ್ಮ ಮರಿಯನ್ನು ಕರೆದುಕೊಂಡು ಹೋದವು. ತಾರವ್ವ ದೂರದಲ್ಲಿ ನಿಂತು ನೋಡಿದಳು. ಮೂರನೆಯ ಬೆಳಗ್ಗೆ ಅವಳ ಮೊಣಕಾಲು ಮಡಚಲೇ ಇಲ್ಲ. ಮಲಕಾರಿ ಕೋಲು ಹಿಡಿದು ಹಿಂಡು ಎಬ್ಬಿಸುತ್ತ, "ನೀ ಇವತ್ತ ಗಾಡ್ಯಾಗ ಬಾ," ಎಂದ. ಹಿಂಡು ಮರೆಯಾದ ಮೇಲೆ ತಾರವ್ವ ವ್ಯಾನಿನ ಹತ್ತಿರ ಬಂದು, "ಹಿಡಿ," ಎಂದು ಮಗನ ಕಡೆ ಕೈ ಚಾಚಿದಳು.

ಆ ದಿನ ಸೋನಾಲಿ ಓಡಿಸಿದಳು. ಅಂಕಲಿ ದಾಟಿ ಕೃಷ್ಣಾ ಸೇತುವೆಯ ಮೇಲೆ ಬರುವಾಗ ಹಿಂದಿನಿಂದ ಸದ್ದೇ ಇರಲಿಲ್ಲ. ಮಾಳೇಶ ತಿರುಗಿ ನೋಡಿದ. ತಾರವ್ವ ಮಡಚಿದ ಕಂಬಳಿಯ ಮೇಲೆ ಒರಗಿ, ಕಾಲು ಚಾಚಿ, ಬಾಯಿ ಸ್ವಲ್ಪ ತೆರೆದು ನಿದ್ದೆ ಹೋಗಿದ್ದಳು. ಒಂದು ಮರಿ ಬಲೆಯೊಳಗಿಂದ ಅವಳ ಸೆರಗು ಚೀಪುತ್ತಿತ್ತು.

"ಯವ್ವ ಮಲಗ್ಯಾಳ," ಎಂದ ಪಿಸುಮಾತಿನಲ್ಲಿ. ತಾಯಿ ಹಗಲಿನಲ್ಲಿ ಮಲಗಿದ್ದನ್ನು ಅವನು ಹುಟ್ಟಿದಾಗಿನಿಂದ ನೋಡಿರಲಿಲ್ಲ.

ತಂಗುವ ಹೊಲ ಬಂತು. ಸೋನಾಲಿ ವೇಗ ಇಳಿಸಿದಳು. ಗಂಡನ ಮುಖ ನೋಡಿದಳು.

"ನಿಂತ್ರ ಎಚ್ಚರ ಆಗ್ತೈತ್ರಿ."

"ಹೋಗು," ಎಂದ ಮಾಳೇಶ.

ಹೊಲ ಬಿಟ್ಟು ಮುಂದೆ ಹೋದರು. ಸಕ್ಕರೆ ಕಾರ್ಖಾನೆಯ ಚಿಮಣಿ ದಾಟಿ, ಕಬ್ಬಿನ ಟ್ರ್ಯಾಕ್ಟರುಗಳ ಸಾಲಿನ ಹಿಂದೆ ಸಾವಕಾಶವಾಗಿ ಸಾಗಿ, ಒಂದು ಊರು ಸುತ್ತಿ, ಮತ್ತೆ ಅದೇ ದಾರಿಗೆ ಬಂದು, ಮತ್ತೊಮ್ಮೆ ಸುತ್ತಿದರು. ಮಾಳೇಶನಿಗೆ ತಾನು ಬಡಿದ ಪಾಟಾಗಳು ಕೆಳಗೆ ಬಾಗಿ ಏಳುವುದು ಸೀಟಿನಲ್ಲೇ ಗೊತ್ತಾಗುತ್ತಿತ್ತು. ಕಡೆಗೆ ಮರಿಗಳಿಗೆ ಹಸಿವಾಗಿ ಒಂದರ ಹಿಂದೊಂದು ಕೂಗತೊಡಗಿದವು.

"ಬಂತೇನ?" ಎಂದಳು ತಾರವ್ವ ಹಿಂದಿನಿಂದ.

"ಬಂತ್ರಿ ಅತ್ತಿ, ಇದ ನೋಡ್ರಿ," ಎಂದಳು ಸೋನಾಲಿ.

ಹಿಂಡು ಆಗಲೇ ಬಂದು ಮುಟ್ಟಿತ್ತು. ಮಲಕಾರಿ ಹೊಲದ ಬದುವಿನ ಮೇಲೆ ನಿಂತು ಕಾಯುತ್ತಿದ್ದ. ಬಾಗಿಲು ತೆರೆದ ಕೂಡಲೆ ಮರಿಗಳು ಹಾರಿ ಇಳಿದು ತಾಯಂದಿರ ಕೆಳಗೆ ನುಗ್ಗಿದವು, ಬಾಲ ಅಲ್ಲಾಡಿಸುತ್ತ ಕುಡಿದವು.

"ನಡಕೊಂಡು ಬಂದ ನಾ ಮೊದಲ ಬಂದೀನಿ," ಎಂದ ಮಲಕಾರಿ. "ನೀವ ಗಾಡ್ಯಾಗ ಬಂದ್ರೂ ಇಷ್ಟೊತ್ತಾ? ಕೆಟ್ಟಿತ್ತೇನ?"

ಮಾಳೇಶ ಬಾಯಿ ತೆರೆಯುವ ಮೊದಲೇ ತಾರವ್ವ ಸೊಸೆಯ ಭುಜ ಹಿಡಿದು ಇಳಿದಳು. ಮೊಣಕಾಲು ಒಮ್ಮೆ ಮಡಚಿ ನೋಡಿದಳು, ಮಡಚಿತು.

"ಏನೂ ಕೆಟ್ಟಿಲ್ಲ," ಎಂದಳು. "ಆ ಚಿಮಣಿ ಎರಡು ಸಲ ಬಂತು. ಎರಡನೇ ಸಲ ನಾನೂ ಸುಮ್ಮನ ಕಣ್ಣು ಮುಚ್ಚಿದೆ."