ಹದಿಮೂರು ತೂತಿನ ತಗಡು

ಸೀತಕ್ಕನ ಉದ್ದ ಮೂತಿಯ ಹಳೇ ಲಾರಿಗೆ ಶಿವಮೊಗ್ಗದಿಂದ ಹೊಸ ಒಳಮಡ್‌ಗಾರ್ಡ್ ಬಂದಾಗ ನಾನು ಅದನ್ನು ಬೆಳಕಿಗೆ ಹಿಡಿದು ನೋಡಿದೆ. ಚಕ್ರದ ಕೆಸರು ಇಂಜಿನ್ನಿಗೆ ಹಾರದಂತೆ ನಡುವೆ ಕೂರುವ ತಗಡು ಅದು. ಅಂಚಿನ ಬೋಲ್ಟಿನವು ಬಿಟ್ಟು ಇನ್ನೂ ಹದಿಮೂರು ತೂತು. ಒಂದೇ ತಗಡು ನಾಲ್ಕಾರು ನಮೂನೆಯ ಲಾರಿಗೆ ಆಗಲಿ ಎಂದು ಹೊಡೆದದ್ದು. ನಮಗೆ ಬೇಡದ್ದನ್ನು ನಾವೇ ಮುಚ್ಚಿಕೊಳ್ಳಬೇಕು.

"ಇದೆಂತ ಗುರುವಣ್ಣ, ನೀರುದೋಸೆಯಾ?" ಎಂದ ಪ್ರಕಾಶ. ಬಾಳಗಡಿಯ ಟಿಂಕರಿಂಗ್ ಶೆಡ್ಡು ಈಗ ಅವನದು. ಅವನ ಅಪ್ಪನ ಕಾಲದಿಂದ ನಾನು ಅಲ್ಲೇ ಇದ್ದೇನೆ.

ಸೀತಕ್ಕನ ಮನೆಯವರದು ಪಾತ್ರೆ ಬಾಡಿಗೆಗೆ ಕೊಡುವ ಕಸುಬು. ಕೊಪ್ಪದ ಸುತ್ತ ಎಲ್ಲಿ ಊಟವಿದ್ದರೂ ಕೊಪ್ಪರಿಗೆ, ಹಂಡೆ ಹೊತ್ತು ಹೋಗುವುದು ಈ ಲಾರಿಯೇ. ಗಂಡ ಬೂತಪ್ಪ ಇರುವಷ್ಟು ದಿನ ಅವರೇ ಓಡಿಸಿದರು. ಈಗ ಮಗಳು ಚೇತನಾ ದೊಡ್ಡ ಗಾಡಿಯ ಲೈಸೆನ್ಸ್ ಮಾಡಿಸಿಕೊಂಡಿದ್ದಾಳೆ. ಆದರೆ ಡ್ರೈವರ್ ಕಡೆಯ ಹಳೇ ತಗಡು ತುಕ್ಕು ತಿಂದು, ಕೆಸರು ವೈರಿಗೆ ಸಿಡಿದು, ಹಾರನ್ನು ತನ್ನಷ್ಟಕ್ಕೆ ಕೂಗಲು ಶುರುಮಾಡಿತ್ತು. ಹೋದ ತಿಂಗಳು ಕಿಗ್ಗದಲ್ಲಿ, ಹೆಣ್ಣು ನೋಡಲು ಬಂದವರಿದ್ದ ಮನೆಯೆದುರೇ ಕಾಲು ಗಂಟೆ ಕೂಗಿತಂತೆ. ಗಂಡಿನ ಕಡೆಯವರು ಉಪ್ಪಿಟ್ಟಿನ ತಟ್ಟೆ ಹಿಡಿದುಕೊಂಡೇ ಅಂಗಳಕ್ಕೆ ಓಡಿ ಬಂದರಂತೆ.

"ನಾಳೆ ಹರಿಹರಪುರಕ್ಕೆ ಪಾತ್ರೆ ಹೋಗ್ಬೇಕು ಗುರುವಣ್ಣ. ನಾನೂ ಕೂತ್ಕೊಂಡು ಹೋಗ್ತೀನಿ. ದಾರೀಲಿ ಮತ್ತೆ ಕೂಗ್ತೋ, ವಾಪಸ್ ಬಂದವಳೇ ಗುಜರಿಗೆ ಕೊಡೋದು," ಎಂದರು ಸೀತಕ್ಕ.

ಅವರು ಆಚೆ ತಿರುಗಿದ ಮೇಲೆ ಚೇತನಾ ಹತ್ತಿರ ಬಂದಳು. "ಗುರುವಜ್ಜ, ಹ್ಯಾಗಾದ್ರೂ ಮಾಡಿ. ಅಪ್ಪನ ಗಾಡಿ."

ಹಳೇ ತಗಡನ್ನು ಹೊಸದರ ಮೇಲಿಟ್ಟು, ಹೊಂದುವ ತೂತಿಗೆ ಸೀಮೆಸುಣ್ಣದ ಗುರುತು ಹಾಕಿದರೆ ಅರ್ಧ ಕೆಲಸ ಮುಗಿದ ಹಾಗೆ. ಹಳೇದನ್ನು ಹುಡುಕಿದೆ. ಕಾಣಲಿಲ್ಲ.

"ಬೆಳಿಗ್ಗೆ ಗುಜರಿ ವಿಜಯ ಬಂದಿದ್ದ, ಕೊಟ್ಬಿಟ್ಟೆ," ಎಂದ ಪ್ರಕಾಶ. "ಎಡಗಡೆದು ಹಾಗೇ ಇದೆಯಲ್ಲ, ಅದನ್ನ ನೋಡಿದ್ರಾಯ್ತು."

"ಸ್ಟೇರಿಂಗ್ ಎರಡೂ ಕಡೆ ಉಂಟಾ ಮಾರಾಯ?"

"ಹಂಗಾದ್ರೆ ಎಲ್ಲಾ ವೆಲ್ಡಿಂಗ್ ಹೊಡ್ದು ಮುಚ್ಚುವ. ಬೇಕಾದಲ್ಲಿ ಮತ್ತೆ ಕೊರೆಯೋದು."

"ಇಷ್ಟು ತೆಳ್ಳಗಿನದಕ್ಕೆ ಅಷ್ಟು ಬಿಸಿ ತಾಗಿದ್ರೆ ಹಪ್ಪಳ ಆಗ್ತದೆ."

ಸ್ಟೂಲಿನ ಮೇಲೆ ಕೂತು ಕಣ್ಣು ಮುಚ್ಚಿದೆ. ಮೂವತ್ತೆಂಟು ವರ್ಷದಿಂದ ಆ ಲಾರಿಯ ಹೊಟ್ಟೆಯೊಳಗೆ ನನ್ನ ಕೈ ಹೋಗಿದೆ. ಕಣ್ಣಿಗೆ ಮರೆತದ್ದು ಕೈಗೆ ನೆನಪಿತ್ತು. ಹಾರನ್ನಿಗೆ ಎರಡು, ವೈರಿನ ಕಟ್ಟಿಗೆ ಒಂದು, ಬ್ರೇಕಿನ ಪೈಪಿಗೆ ಒಂದು. ಆ ನಾಲ್ಕಕ್ಕೆ ಗುರುತು ಹಾಕಿದೆ. ಬೇಡದ ದೊಡ್ಡ ಮೂರಕ್ಕೆ ತಗಡಿನ ಬಿಲ್ಲೆ ಕತ್ತರಿಸಿ, ಅಂಚಿಗೆ ಅಂಟು ಮೆತ್ತಿ ರಿವೆಟ್ ಹೊಡೆದೆವು. ಚಿಕ್ಕ ಐದಕ್ಕೆ ರಬ್ಬರ್ ವಾಷರ್ ಇಟ್ಟು ಗಿಡ್ಡ ಬೋಲ್ಟ್ ಬಿಗಿದೆವು. ಒಂದು ಉಳಿಯಿತು, ಎರಡು ಬೆರಳು ಹೋಗುವಷ್ಟು ಅಗಲದ್ದು.

"ಇದನ್ನೂ ಮುಚ್ಚಲಾ?" ರಿವೆಟ್ ಗನ್ ಎತ್ತಿಕೊಂಡೇ ಕೇಳಿದ ಪ್ರಕಾಶ.

"ತಡಿ. ಅಲ್ಲಿ ನೀಲಿ ಎಂತದೋ ಇತ್ತು."

"ನೀಲಿ ಎಂತದು?"

"ಅದೇ ನೆನಪಾಗ್ತಾ ಇಲ್ಲ."

"ನಿಮ್ಮ ನೀಲಿ ನೆನಪಾಗೋಷ್ಟ್ರಲ್ಲಿ ಹರಿಹರಪುರದಲ್ಲಿ ಊಟ ಮುಗ್ದು ಎಲೆ ಎತ್ತಿರ್ತಾರೆ!"

ಬೆಂಚಿನ ಮೇಲೆ ಚಹಾ ಕುಡಿಯುತ್ತಿದ್ದ ಸೀತಕ್ಕ ಲೋಟ ಕೆಳಗಿಟ್ಟರು. ಎದ್ದು ಬಂದು ತೂತಿನೊಳಗೆ ಬೆರಳು ಹಾಕಿ ನೋಡಿದರು. ಆಮೇಲೆ ನಗು ತಡೆಯಲಾಗದೆ ಸೆರಗು ಬಾಯಿಗೆ ಒತ್ತಿಕೊಂಡರು.

"ಅದು ನನ್ನ ಚಪ್ಪಲಿ ಮಾರಾಯ್ರೆ! ಹೊಸಾ ಹವಾಯಿ. ಇವರು ಒಂದರ ಹಿಮ್ಮಡಿ ಕುಯ್ದು ಇಲ್ಲಿಗೆ ಬಿರಡೆ ಮಾಡಿದ್ರು. ಒಂದು ವಾರ ಮಾತು ಬಿಟ್ಟಿದ್ದೆ. ತಿಂಗಳಿಗೊಂದ್ಸಲ ಬಿರಡೆ ಕಿತ್ತು ಸ್ಟೇರಿಂಗಿನ ಗಂಟಿಗೆ ಗ್ರೀಸ್ ಹೊಡೀತಿದ್ವಿ. ಇವರು ಅಡಿಯಲ್ಲಿ ಮಲಗಿ 'ಇನ್ನೂ ಬಲಕ್ಕೆ, ಇನ್ನೂ ಬಲಕ್ಕೆ' ಅನ್ನೋದು. ಮೇಲಿಂದ ಗ್ರೀಸ್ ಗನ್ ಒತ್ತೋದು ನಾನು."

ತಗಡನ್ನು ಲಾರಿಯಲ್ಲಿ ಅದರ ಜಾಗಕ್ಕೆ ಹಿಡಿದು ಟಾರ್ಚ್ ಬಿಟ್ಟು ನೋಡಿದೆ. ತೂತಿನ ನೇರಕ್ಕೆ, ಗಂಟಿಗೆ ಗ್ರೀಸ್ ತುಂಬುವ ಪುಟ್ಟ ಮೂತಿ ಮಿನುಗಿತು. ಪ್ರಕಾಶ ರಿವೆಟ್ ಗನ್ ಕೆಳಗಿಟ್ಟ.

ನಾನು ಸೀತಕ್ಕನ ಕಾಲು ನೋಡಿದೆ. ಈಗಲೂ ನೀಲಿ ಹವಾಯಿಯೇ.

"ಬೇರೆ ರಬ್ಬರ್ ಇಲ್ವಾ ನಿಮ್ಮ ಶೆಡ್ಡಲ್ಲಿ?"

"ಇಷ್ಟು ದಪ್ಪದ್ದು ಇಲ್ಲ ಸೀತಕ್ಕ."

"ಅವರು ಕೇಳ್ದೇ ಕುಯ್ದಿದ್ರು. ನೀವು ಕೇಳ್ತಾನಾದ್ರೂ ಇದ್ದೀರಿ," ಎಂದು ಬಲಗಾಲಿನದನ್ನು ಬಿಟ್ಟುಕೊಟ್ಟರು. ತಗಡನ್ನು ಲಾರಿಗೆ ಬಿಗಿದು, ಚಪ್ಪಲಿಯ ಹಿಮ್ಮಡಿ ಕುಯ್ದು ಮಾಡಿದ ಬಿರಡೆಯ ಸುತ್ತ ಬ್ಲೇಡಿನಿಂದ ಗೀರು ತೆಗೆದು ಒತ್ತಿದೆ. ತಗಡಿನ ಅಂಚನ್ನು ಕಚ್ಚಿ ಕೂತಿತು. ಸೀತಕ್ಕ ಒಂದೇ ಚಪ್ಪಲಿಯಲ್ಲಿ ಲಾರಿ ಹತ್ತುವಾಗ ಚೇತನಾ ಸ್ಟೇರಿಂಗಿಗೆ ಹಣೆ ಹಚ್ಚಿ ನಗುತ್ತಿದ್ದಳು.

ಮರುದಿನ ಬೆಳಗಿನಿಂದ ಮಳೆ. ರಸ್ತೆಯ ಗುಂಡಿಯೆಲ್ಲ ತುಂಬಿರುತ್ತದೆ ಎಂದುಕೊಂಡೆ. ಕೈಗೆ ಕೆಲಸ ಹತ್ತಲಿಲ್ಲ. ನಾಲ್ಕು ಗಂಟೆಗೆ ತಿರುವಿನ ಆಚೆ ಹಾರನ್ ಕೇಳಿಸಿತು.

"ಹೋಯ್ತು! ಶುರುವಾಯ್ತು!" ಎಂದು ಪ್ರಕಾಶ ತಲೆ ಹಿಡಿದುಕೊಂಡ.

ನಾನು ಕಿವಿಗೊಟ್ಟೆ. ಗಿಡ್ಡಕ್ಕೆ ಎರಡು ಸಲ, ಅಷ್ಟೇ. ಬೂತಪ್ಪನವರು ಆ ತಿರುವಿನಲ್ಲಿ ಹಾಗೆಯೇ ಹೊಡೆಯುತ್ತಿದ್ದರು.

"ಅದು ಕೈಯಲ್ಲಿ ಹೊಡ್ದದ್ದು ಮಾರಾಯ," ಎಂದೆ.

ಮಡ್‌ಗಾರ್ಡಿನ ಮೇಲಿನವರೆಗೂ ಕೆಸರು ಮೆತ್ತಿಕೊಂಡು ಲಾರಿ ಬಂದು ನಿಂತಿತು. ಹೊಸ ಚಪ್ಪಲಿ ಮೆಟ್ಟಿದ್ದ ಸೀತಕ್ಕ ಇಳಿದರು. ಚೀಲದಿಂದ ಉಳಿದ ಹಳೇ ಚಪ್ಪಲಿ ತೆಗೆದು ನನ್ನ ಕೈಗಿಟ್ಟರು.

"ಇಟ್ಕೊಳ್ಳಿ ಗುರುವಣ್ಣ. ಎಡಗಡೆ ತಗಡೂ ಹೋಗೋದಕ್ಕೆ ಬಂದಿದೆ. ಬರೋ ವರ್ಷ ಅದನ್ನೂ ಬದಲು ಮಾಡುವ."