ಮಡ್‌ಗಾರ್ಡ್ ಇಲ್ಲದವರು ಹಿಂದೆ

ಹೊಸ ಮನೆಯಲ್ಲಿ ಒಂದೇ ಸೈಕಲ್ಲಿಗೆ ಜಾಗ. ನನ್ನ ಹತ್ತಿರ ಇದ್ದದ್ದು ಎರಡು: ಶನಿವಾರದ ವೇಗದ ಸವಾರಿಗೊಂದು, ಡೇರೆ ಹೊತ್ತು ಕರಾವಳಿ ಸುತ್ತುವುದಕ್ಕೊಂದು. ಎರಡನ್ನೂ ಮಾರಿ, ಎರಡೂ ಕೆಲಸಕ್ಕಾಗುವ ಒಂದನ್ನು ಕೊಳ್ಳಲು ಆನ್ಸೆಲ್‌ನ ಅಂಗಡಿಗೆ ಹೋದೆ. ನಮ್ಮೂರು ಆಸ್ಟೋರಿಯಾದಲ್ಲಿ ನವೆಂಬರ್ ಎಂದರೆ ಮಳೆಯೇ; ಅಂಗಡಿಯಲ್ಲಿ ಬೇರೆ ಗಿರಾಕಿಗಳಿರಲಿಲ್ಲ.

"ಓಡೋ ಕುದುರೇನೂ ಬೇಕು, ಹೊರೋ ಕತ್ತೇನೂ ಬೇಕು, ಅದೂ ಒಂದೇ ಚರ್ಮದೊಳಗೆ. ಅಲ್ವಾ ವರ್ನಾ?" ಎಂದ ಆನ್ಸೆಲ್.

"ಬಾಯಿ ಮುಚ್ಕೊಂಡು ತೋರ್ಸಪ್ಪಾ."

ಅವನು ಹೊರತೆಗೆದದ್ದು ಒಂದು ಹಸಿರು ಸೈಕಲ್. ತೆಳು ಉಕ್ಕಿನ ಫ್ರೇಮು, ಹೆಬ್ಬೆರಳಿಗಿಂತ ಅಗಲದ ಟೈರು. ಹ್ಯಾಂಡಲ್ ಬೆನ್ನು ಬಗ್ಗಿಸುವಷ್ಟು ತಗ್ಗು, ಬೆನ್ನು ಮುರಿಯುವಷ್ಟಲ್ಲ. ಕ್ಯಾರಿಯರ್ ಕೂರಿಸಲು ತೂತುಗಳಿದ್ದವು. ಮಡ್‌ಗಾರ್ಡಿಗೆ ಜಾಗವಿತ್ತು, ಮಡ್‌ಗಾರ್ಡ್ ಇರಲಿಲ್ಲ.

"ಮೊದ್ಲು ಒಂದು ಸುತ್ತು ಹೋಗ್ಬಾ. ಆಮೇಲೆ ಹಾಕ್ಕೊಡ್ತೀನಿ."

ನದಿ ದಂಡೆಯ ರಸ್ತೆಗೆ ಇಳಿದೆ. ಸೈಕಲ್ ಹಗುರಾಗಿ ಓಡಿತು. ಅರ್ಧ ಮೈಲಿ ಹೋಗುವಷ್ಟರಲ್ಲಿ ಬೆನ್ನ ಹಿಂದೆ ಚರ್ ಎಂದು ನೀರು ಚಿಮ್ಮುವ ಸದ್ದು. ಲೈಲ್ ನನ್ನ ಹಿಂದೆ ಬರುವಾಗ ಕೇಳುತ್ತಿದ್ದ ಅದೇ ಸದ್ದು. ನಿಲ್ಲಿಸಿದೆ, ಅದೂ ನಿಂತಿತು. ಹೊರಟೆ, ಅದೂ ಹೊರಟಿತು. ಬೆನ್ನು ಒದ್ದೆಯಾದ ಮೇಲೆ ಗೊತ್ತಾಯಿತು, ಅದು ನನ್ನದೇ ಚಕ್ರ. ಇಪ್ಪತ್ತು ವರ್ಷದಲ್ಲಿ ಮಡ್‌ಗಾರ್ಡ್ ಇಲ್ಲದೆ ಮಳೆಗಿಳಿದವಳಲ್ಲ ನಾನು. ಗೊತ್ತಾದರೂ ಭಯ ಹೋಗಲಿಲ್ಲ.

ಲೈಲ್ ನನ್ನ ತಮ್ಮ. "ಮಡ್‌ಗಾರ್ಡ್ ಅಂದ್ರೆ ಮುದುಕೀರ ಲಂಗ ಕಣಕ್ಕಾ" ಎಂದು ಹಂಗಿಸುತ್ತಿದ್ದ. ನಮ್ಮ ಶನಿವಾರದ ಸವಾರಿ ಗುಂಪಿನ ಮಳೆಗಾಲದ ನಿಯಮ ಒಂದೇ: ಮಡ್‌ಗಾರ್ಡ್ ಇಲ್ಲದವರು ಸಾಲಿನ ಕೊನೆಗೆ. ಹಿಂದಿನವರ ಬಾಯಿಗೆ ಕೆಸರು ಹಾರಬಾರದಲ್ಲ. ಹೋದ ವರ್ಷ ಇದೇ ತಿಂಗಳು ಅವನು ಮುಂದೆ ನನ್ನ ಪಕ್ಕಕ್ಕೆ ಬಂದಾಗ, ಮುಂದಾಳಾಗಿದ್ದ ನಾನೇ ಎಲ್ಲರೆದುರು ಗದರಿದೆ: "ಹೋಗೋ, ಬಾಲಕ್ಕೆ ಹೋಗು." ನಗುತ್ತ ಹೋದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಒಂದು ತಿರುವಿನಲ್ಲಿ ಮರದ ದಿಮ್ಮಿ ಹೊತ್ತ ಲಾರಿ ಹಿಂದಿನಿಂದ ಬಂದು ಅವನಿಗೆ ಹೊಡೆಯಿತು. ಈಗ ಅಲ್ಲಿಯ ಕಂಬಕ್ಕೆ, ಸತ್ತವನ ನೆನಪಿಗೆಂದು, ಅವನ ಸೈಕಲನ್ನು ಬಿಳಿ ಬಣ್ಣ ಬಳಿದು ಕಟ್ಟಿದ್ದೇವೆ. "ನಿಯಮ ನಿಯಮಾನೇ, ನಿಂದೇನು ತಪ್ಪು" ಎಂದರು ಎಲ್ಲರೂ. ಹಾಗೆಂದವರ ಮೇಲೆ ನನಗೆ ಇವತ್ತಿಗೂ ಸಿಟ್ಟು.

ಅಂಗಡಿಗೆ ಮರಳಿದಾಗ ಆನ್ಸೆಲ್ ಮಡ್‌ಗಾರ್ಡುಗಳನ್ನು ಹರಡಿಕೊಂಡಿದ್ದ.

"ಯಾವುದು ಹಾಕ್ಲಿ? ಉದ್ದಂದಾ?"

"ಯಾವುದೂ ಬೇಡ. ಸೈಕಲ್ ಹೀಗೇ ಕೊಡು."

"ತಲೆ ಕೆಟ್ಟಿದ್ಯಾ? ಶನಿವಾರ ಬಾಲಕ್ಕೆ ಹೋಗ್ಬೇಕಾಗುತ್ತೆ."

"ಅದಕ್ಕೇ."

"ಅಲ್ಲೇನಿದೆ ವರ್ನಾ?"

"ಅವನಿದ್ದ ಜಾಗ ಇದೆ. ನಾನೇ ಕಳಿಸಿದ್ದು, ನಾನೇ ನೋಡಿಲ್ಲ."

ಅವನು ಮಡ್‌ಗಾರ್ಡುಗಳನ್ನು ಎತ್ತಿಟ್ಟು, ಗಾಳಿ ತುಂಬಿ ಕೊಟ್ಟ.

ಶನಿವಾರ ಮುಂದಾಳ್ತನ ಬಿಟ್ಟುಕೊಟ್ಟು ಒಂಬತ್ತು ಜನರ ಹಿಂದೆ ಸೇರಿಕೊಂಡೆ. ಬಿಳಿ ಸೈಕಲ್ ದಾಟಿದೆ. ಅಷ್ಟರಲ್ಲಿ ಹಿಂದೆ ಲಾರಿಯ ಸದ್ದು. ಕೊನೆಯವರು ಕೂಗಬೇಕು, ಆ ಕೂಗನ್ನು ಒಬ್ಬರಿಂದೊಬ್ಬರು ಮುಂದಕ್ಕೆ ದಾಟಿಸಬೇಕು. ಕೂಗಿದೆ.

"ಹಿಂದೆ ಗಾಡಿ!"

ಒಂಬತ್ತು ಬೆನ್ನುಗಳು ಸರಕ್ಕನೆ ಅಂಚಿಗೆ ಸರಿದವು. ಒಬ್ಬರೂ ತಿರುಗಲಿಲ್ಲ. ಲಾರಿ ನೀರೆರಚಿ ದಾಟಿಹೋಯಿತು.

ಆ ದಿನವೂ ಕೂಗು ನನ್ನವರೆಗೆ ಬಂದಿತ್ತು. ಮೊದಲು ಕೂಗಿದ್ದು ಲೈಲ್. ನಾನೂ ಹೀಗೇ ಅಂಚಿಗೆ ಸರಿದೆ. ಯಾವ ಲಾರಿಯೂ ನಮ್ಮನ್ನು ದಾಟಿ ಹೋಗಲಿಲ್ಲ. ಯಾಕೆ ಎಂದು ನಾನು ತಿರುಗಿ ನೋಡಲಿಲ್ಲ. ಬಿಸಿ ಕಾಫಿಯ ಆಸೆಗೆ ಇನ್ನೂ ಎರಡು ಮೈಲಿ ತುಳಿದೆ.